ಜಾಮೀನುದಾರ ಕಂಬಳಿ ಹೊತ್ತು ಬಂದ

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ನಿವೃತ್ತಿಯಾಗಿ ಎರಡು ವರ್ಷವಾಯಿತು, ಇವತ್ತಿಗೂ ಬೆಳಿಗ್ಗೆ ಹತ್ತು ಹೊಡೆದರೆ ಕಾಲುಗಳು ತಾವಾಗಿಯೇ ಚಪ್ಪಲಿ ಹುಡುಕುತ್ತವೆ. ಹಳಿಯಾಳದ ಬಸ್ ಸ್ಟ್ಯಾಂಡಿಗೆ ಹೋಗಿ, ದಾಂಡೇಲಿ ಬಸ್ಸು ಹೋಯಿತೋ ಇಲ್ಲವೋ ನೋಡಿ, ಚಹಾ ಕುಡಿದು ಬರುತ್ತೇನೆ. ಬಂದವನು ಮತ್ತೆ ಅರ್ಧ ತಾಸಿಗೆ ಎದ್ದು ನಿಲ್ಲುತ್ತೇನೆ. "ಒಂದ್ ಕಡೆ ಕೂಡ್ರೂದಕ್ಕ ನಿಮಗೇನು ಮುಳ್ಳು ಚುಚ್ಚತಾವೇನ್ರಿ?" ಎಂದು ಹೆಂಡತಿ ಬೈಯುತ್ತಾಳೆ. ಮೂವತ್ತಮೂರು ವರ್ಷ ಪೊಲೀಸ್ ಇಲಾಖೆಯಲ್ಲಿದ್ದೆ, ಅದರಲ್ಲಿ ಇಪ್ಪತ್ತು ವರ್ಷ ಕೋರ್ಟ್ ಡ್ಯೂಟಿ. ಸಮನ್ಸು, ವಾರಂಟು, ಜಾಮೀನುದಾರರ ನೋಟಿಸು ಚೀಲದಲ್ಲಿ ತುಂಬಿಕೊಂಡು ಹಳಿಯಾಳ, ದಾಂಡೇಲಿ, ಜೊಯಿಡಾ, ಮುಂಡಗೋಡ ಸುತ್ತಿದವನ ಕಾಲಿಗೆ ಚಕ್ರವಲ್ಲದೆ ಇನ್ನೇನು ಇರುತ್ತದೆ?

ಬರೆಯಲು ಕೂತಿದ್ದು ಪಕ್ಕದ ಮನೆಯ ಹುಡುಗಿಯಿಂದ. ಹೊಸದಾಗಿ ಪೇದೆಯಾಗಿದ್ದಾಳೆ. ಮೊನ್ನೆ ಮುಖ ಸಣ್ಣದು ಮಾಡಿಕೊಂಡು ಬಂದಳು.

"ಕಾಕಾ, ನನಗ ಕೋರ್ಟ್ ಡ್ಯೂಟಿ ಹಾಕ್ಯಾರ್ರೀ. ಅದು ಪನಿಶ್ಮೆಂಟ್ ಅಂತಾರ ಎಲ್ಲಾರೂ."

"ಹೌದವಾ, ಪನಿಶ್ಮೆಂಟs. ನಾ ಇಪ್ಪತ್ತ ವರ್ಷ ಅನುಭೋಗಿಸೇನಿ," ಎಂದೆ.

ಅವಳು ನಗಲಿಲ್ಲ. ಕೆಲಸ ಹೇಗಿರುತ್ತದೆ ಎಂದು ಕೇಳಿದಳು. ಬಾಯಲ್ಲಿ ಹೇಳಿದರೆ ನಾನು ಎಲ್ಲಿಂದೆಲ್ಲಿಗೋ ಹೋಗುತ್ತೇನೆ, ಅದಕ್ಕೆ ಬರೆದುಕೊಡುತ್ತೇನೆ ಎಂದೆ. ಯಾವಾಗ ಹವಾಲ್ದಾರನಾದೆ, ಯಾರು ಹಾರ ಹಾಕಿದರು ಎಂಬುದೆಲ್ಲ ಇಲ್ಲಿ ಇಲ್ಲ. ಅದರಿಂದ ಯಾರಿಗೂ ಉಪಯೋಗವಿಲ್ಲ.

ನೋಡವಾ, ನಿನ್ನ ಕಿವಿಗೆ ಹೆಚ್ಚು ಬೀಳುವ ಶಬ್ದ ಕಳ್ಳ ಅಲ್ಲ, ಖೂನಿ ಅಲ್ಲ, ಜಾಮೀನು. ವಕೀಲರು ಬೇಲು ಅನ್ನುತ್ತಾರೆ, ದಾಂಡೇಲಿಯ ಸಾಬರು ಜಮಾನತ್ ಅನ್ನುತ್ತಾರೆ, ಗಡಿ ಕಡೆಯ ಮರಾಠಿಯವರು ಜಾಮೀನ್ ಎಂದು ಮೊಟಕು ಮಾಡುತ್ತಾರೆ. ಈ ಶಬ್ದ ಕೋರ್ಟಿನ ಆಸ್ತಿ ಎಂದು ತಿಳಿಯಬೇಡ. ದನದ ಸಂತೆಯಲ್ಲಿ ಎತ್ತು ಮಾರುವವನ ಪಕ್ಕ ಒಬ್ಬ ನಿಂತು "ಹಾಯೂದಿಲ್ಲ, ಒದಿಯೂದಿಲ್ಲ, ನಾ ಜಾಮೀನು" ಎನ್ನುತ್ತಾನೆ. ಮದುವೆಗೆ ಮಠದ ದೊಡ್ಡ ಹಂಡೆ ಬೇಕಾದರೆ, ತೂತು ಬೀಳದೆ ವಾಪಸ್ ಬರುತ್ತದೆ ಎನ್ನಲು ಒಬ್ಬ ಜಾಮೀನು ಬೇಕು. ನನ್ನ ಮದುವೆಯ ಮಾತುಕತೆಯಲ್ಲಿ ಸೋದರಮಾವ "ಹುಡುಗನ ಗುಣಕ್ಕ ನಾ ಜಾಮೀನು" ಎಂದಿದ್ದ. ಹೆಂಡತಿ ಇವತ್ತಿಗೂ ಆ ಮಾವನನ್ನು ಹುಡುಕುತ್ತಿದ್ದಾಳೆ. ನಮ್ಮವ್ವ ಹಪ್ಪಳ ಒಣಹಾಕುವಾಗ ಆಕಾಶ ನೋಡಿ "ಮಳಿಗೆ ಯಾರ್ ಜಾಮೀನು?" ಎನ್ನುತ್ತಿದ್ದಳು. ನಮ್ಮಪ್ಪ ಮಾತ್ರ ಸಾಕ್ಷಿಗೂ ಹೋಗಬಾರದು, ಜಾಮೀನಿಗೂ ನಿಲ್ಲಬಾರದು ಎಂದು ಹೇಳಿ ಹೇಳಿ ಬೆಳೆಸಿದ. ಅಂಥವನ ಮಗ ಊರೂರು ತಿರುಗಿ ಜಾಮೀನುದಾರರ ಬಾಗಿಲು ಬಡಿಯುವ ನೌಕರಿ ಹಿಡಿದ.

ಕೋರ್ಟಿನ ಲೆಕ್ಕ ಸರಳ. ಆರೋಪಿಯನ್ನು ಹೊರಗೆ ಬಿಡಬೇಕಾದರೆ, ಇವನು ತಾರೀಖಿಗೆ ತಪ್ಪದೆ ಬರುತ್ತಾನೆ ಎಂದು ಒಬ್ಬ ಬಾಂಡು ಬರೆದುಕೊಡಬೇಕು. ಆ ಒಬ್ಬನಿಗೆ ಹೊಲವೋ ಮನೆಯೋ ಇರಬೇಕು, ಅದರ ಉತಾರ, ಅಂದರೆ ಹಕ್ಕಿನ ದಾಖಲೆ, ತರಬೇಕು. ಆರೋಪಿ ಬಾರದಿದ್ದರೆ ಜಾಮೀನುದಾರ ದಂಡ ತೆರಬೇಕು. ಅಷ್ಟೇ. ಆರೋಪಿಯ ಬದಲಿಗೆ ಜಾಮೀನುದಾರನನ್ನು ಜೈಲಿಗೆ ಕಳಿಸುವುದಿಲ್ಲ. ಈ ಕೊನೆಯ ಸಾಲನ್ನು ನೆನಪಿಟ್ಟುಕೋ. ನಾನು ಎಡವಿದ್ದು ಅಲ್ಲಿಯೇ.

ಅದಕ್ಕಿಂತ ಮುಂಚೆ ಎಡವಿದ್ದು ಬೇರೆ ಇದೆ. ಹೊಸದರಲ್ಲಿ ಒಬ್ಬ ಜಾಮೀನುದಾರನ ಮನೆ ನೋಡಿ ಬಾ ಎಂದು ಕಳಿಸಿದ್ದರು. ಉರಿಬಿಸಿಲು, ಬಸ್ಸಿಳಿದು ಎರಡು ಮೈಲಿ ನಡೆಯಬೇಕು. ನಾನು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲೇ ಕೂತು, ಆ ಊರಿನವನೊಬ್ಬನನ್ನು ಕೇಳಿ, "ಸ್ಥಳಕ್ಕೆ ಭೇಟಿ ಕೊಟ್ಟು ಪರಿಶೀಲಿಸಲಾಗಿದೆ" ಎಂದು ಬರೆದೆ. ಕೋರ್ಟಿನಲ್ಲಿ ನ್ಯಾಯಾಧೀಶರು ತಣ್ಣಗೆ ಕೇಳಿದರು, "ಮನೆಯ ಬಾಗಿಲು ಯಾವ ದಿಕ್ಕಿಗಿದೆ?" ಪೂರ್ವಕ್ಕೆ ಎಂದೆ. ಮನೆಯೇ ಇರಲಿಲ್ಲ. ಉತಾರದಲ್ಲಿದ್ದವನು ಸತ್ತು ನಾಲ್ಕು ವರ್ಷವಾಗಿತ್ತು, ಮನೆ ಬಿದ್ದು ಮಣ್ಣಾಗಿತ್ತು, ಅವನ ತಮ್ಮ ಅಣ್ಣನ ಹೆಸರಿನಲ್ಲಿ ಬಂದು ನಿಂತಿದ್ದ. ಅವತ್ತು ಮುಖಕ್ಕೆ ಆದ ಮಂಗಳಾರತಿ ಇವತ್ತಿಗೂ ಬಿಸಿಯಾಗಿದೆ. ಠಾಣೆಯ ರೈಟರ್ ಆರು ತಿಂಗಳು ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. "ಬಾಪಾ ಪೂರ್ವದ ಬಾಗಿಲಾ, ಈ ಸಮನ್ಸ್ ತಗೊಂಡ್ ಹೋಗು" ಎನ್ನುತ್ತಿದ್ದರು. ಆಮೇಲೆ ನಾನು ಹೋಗದ ಮನೆ ಇಲ್ಲ. ಉತಾರವನ್ನು ಊರ ಲೆಕ್ಕಿಗ ತಲಾಟಿ ಉದ್ದನೆಯ ಹಾಳೆಯ ಮೇಲೆ ಕೈಯಲ್ಲಿ ಬರೆದುಕೊಡುತ್ತಿದ್ದ ಕಾಲ ಅದು. ಈಗ ಪಹಣಿ ಕಂಪ್ಯೂಟರಿನಲ್ಲಿ ಬರುತ್ತದೆ, ಜಾಮೀನುದಾರನ ಫೋಟೊ ಬೇಕು, ಆಧಾರ್ ಬೇಕು. ವಾರಂಟು ನಿನ್ನ ಮೊಬೈಲಿಗೇ ಬಂದು ಬೀಳುತ್ತದೆ. ಒಳ್ಳೆಯದೇ. ಆದರೂ ಮನೆಗೆ ಹೋಗಿ ಬಾ.

ಮುಂಡಗೋಡದ ಟಿಬೆಟನ್ ಕಾಲೊನಿಯ ಒಬ್ಬ ಮುದುಕರು ನೆನಪಾಗುತ್ತಾರೆ. ಅವರ ಟ್ರ್ಯಾಕ್ಟರ್ ಓಡಿಸುವ ನಮ್ಮ ಕಡೆಯ ಹುಡುಗನ ಮೇಲೆ ಅಪಘಾತದ ಕೇಸಾಗಿತ್ತು. ಮುದುಕರು ಟೋಪಿ ಹಾಕಿಕೊಂಡು, ಇಸ್ತ್ರಿ ಮಾಡಿದ ಕೋಟು ತೊಟ್ಟು ಜಾಮೀನಿಗೆ ಬಂದರು. ಅವರ ಹೆಸರಿನಲ್ಲಿ ಉತಾರ ಎಲ್ಲಿಂದ ಬರಬೇಕು? ಭೂಮಿ ಸರ್ಕಾರ ಇಡೀ ಕಾಲೊನಿಗೆ ಕೊಟ್ಟಿದ್ದು. ಗುಮಾಸ್ತರು ಕಾಗದ ವಾಪಸ್ ಕೊಟ್ಟರು. ಹೊರಗೆ ಬಂದು ಅವರು ನನ್ನನ್ನು ಕೇಳಿದರು, "ನಲವತ್ತ ವರ್ಷ ಈ ಮಣ್ಣಾಗ ಗೋವಿನಜೋಳ ಬೆಳದೇನಿ. ಆದ್ರೂ ನಾ ಜಾಮೀನು ಆಗಂಗಿಲ್ಲೇನು?" ಬಸ್ಸು ಬಂತು ಎಂದು ಸುಳ್ಳು ಹೇಳಿ ಹೊರಟೆ.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ. ಇಷ್ಟು ಬರೆಯುವುದರೊಳಗೆ ನಾಲ್ಕು ಸಲ ಎದ್ದಿದ್ದೇನೆ.

ಜೊಯಿಡಾ ಕಡೆ ಕಾಡಿನೊಳಗೆ ಹನ್ನೊಂದು ಮನೆಯ ಒಂದು ಊರು. ಹೆಸರು ಬರೆಯುವುದಿಲ್ಲ. ಅಲ್ಲಿಯ ದೇಮು ಎಂಬವನು ರಾಮನಗರದ ಸಂತೆಗೆ ಒಣಗಿಸಿದ ಮುರುಗಲ ಹಣ್ಣಿನ ಸಿಪ್ಪೆ ಮಾರಲು ಹೋಗಿ, ತೂಕದಲ್ಲಿ ಮೋಸವಾಯಿತೆಂದು ಜಗಳ ತೆಗೆದು, ತಕ್ಕಡಿಯ ಕಲ್ಲು ಬೀಸಿದ್ದ. ವ್ಯಾಪಾರಿಯ ತಲೆ ಒಡೆಯಿತು. ಕೇಸಾಯಿತು, ಜಾಮೀನೂ ಮಂಜೂರಾಯಿತು. ಆದರೆ ಜಾಮೀನು ನಿಲ್ಲಲು ಊರಿನಲ್ಲಿ ಉತಾರ ಇದ್ದವರೇ ಇಲ್ಲ. ಅಜ್ಜನ ಕಾಲದಿಂದ ಉಳುತ್ತಿದ್ದರೂ ಕಾಗದದಲ್ಲಿ ಅದು ಅರಣ್ಯ. ಹನ್ನೊಂದು ಮನೆಗಳಲ್ಲಿ ಒಬ್ಬನ ಹೆಸರಿಗೆ ಮಾತ್ರ ಮುಕ್ಕಾಲು ಎಕರೆ ಗದ್ದೆಯ ಉತಾರವಿತ್ತು. ಅವನು ಸೋಮಾ ಬುದ್ವಂತ. ಬುದ್ವಂತ ಎಂದರೆ ಆ ಊರಿನ ಹಿರಿಯ. ಜಗಳ ಬಗೆಹರಿಸುವವನು, ದೇವರ ಮುಂದೆ ಮೊದಲು ನಿಲ್ಲುವವನು. ಅರವತ್ತರ ಹತ್ತಿರ ವಯಸ್ಸು, ಒಣಕಲು ಮೈ. ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಎಣಿಸಿ ಎಣಿಸಿ ಕನ್ನಡ.

ಪರಿಶೀಲನೆಗೆ ನಾನೇ ಹೋದೆ. ಗದ್ದೆ ನೋಡಿದೆ, ಮನೆ ನೋಡಿದೆ. ಬಾಗಿಲು ಉತ್ತರಕ್ಕಿತ್ತು, ಬರೆದುಕೊಂಡೆ. ಹೊರಡುವಾಗ ಅಂಗಳದಲ್ಲಿ ನಿಂತು, ಎಲ್ಲ ಜಾಮೀನುದಾರರಿಗೂ ಹೇಳುವ ಮಾತು ಹೇಳಿದೆ.

"ನೋಡೋ, ಅವ ತಾರೀಖಿಗೆ ಬರಲಿಲ್ಲಂದ್ರ ನಿನ್ನ ಒಳಗ ಹಾಕ್ತಾರ. ಹುಷಾರ್."

ಇದು ಸುಳ್ಳೆಂದು ನನಗೆ ಗೊತ್ತಿತ್ತು. ನಮ್ಮಲ್ಲಿ ಎಲ್ಲರೂ ಹೇಳುತ್ತಿದ್ದರು. ಹಿಂದಿನವರು ಹೇಳುತ್ತಿದ್ದರು, ನಾವೂ ಹೇಳಿದೆವು. ಸ್ವಲ್ಪ ಹೆದರಿಕೆ ಇದ್ದರೆ ಜಾಮೀನುದಾರ ಆರೋಪಿಯನ್ನು ಕಿವಿ ಹಿಡಿದು ಕರೆತರುತ್ತಾನೆ ಎಂಬ ಲೆಕ್ಕ. ಹಳಿಯಾಳದ ರೈತರು ಆ ಮಾತಿಗೆ ನಗುತ್ತಿದ್ದರು. ದಾಂಡೇಲಿಯವರಂತೂ "ನೋಡೇವ್ರೀ, ಭಾಳ ಜನಾನ ಹಾಕೀರಿ" ಎನ್ನುತ್ತಿದ್ದರು. ಸೋಮಾ ನಗಲಿಲ್ಲ.

"ಎಷ್ಟ ದಿನಾ, ಸಾಯಬಾ?" ಎಂದ.

"ಅವ ಸಿಗೂತನಕ."

ಅವನು ತಲೆಯಾಡಿಸಿ, ಸುತ್ತ ನಿಂತವರಿಗೆ ಕೊಂಕಣಿಯಲ್ಲಿ ಏನೋ ಹೇಳಿದ. ಅವರೂ ತಲೆಯಾಡಿಸಿದರು. ನನಗೆ ಬಸ್ಸಿನ ಅವಸರ, ಹೊರಟೆ. ಅವರ ಊರಿನ ಪದ್ಧತಿಯೇ ಹಾಗೆ ಎಂದು ಗೊತ್ತಾದದ್ದು ಆಮೇಲೆ. ಒಬ್ಬನ ಮಾತಿಗೆ ಇನ್ನೊಬ್ಬ ಹೊಣೆ ನಿಂತರೆ, ಮಾತು ತಪ್ಪಿದಾಗ ಹೊಣೆ ನಿಂತವನು ಎದುರು ಪಕ್ಷದವರ ಮನೆಯಲ್ಲಿ ಹೋಗಿ ಕೂರಬೇಕು. ತಪ್ಪಿದವನು ಬರುವವರೆಗೆ ಅಲ್ಲಿಯೇ ಊಟ, ಅಲ್ಲಿಯೇ ಕೆಲಸ. ಸರ್ಕಾರದವರ ಪದ್ಧತಿಯೂ ತಮ್ಮಂಥದ್ದೇ ಎಂದು ಅವರು ಒಪ್ಪಿಕೊಂಡಿದ್ದರು. ನನ್ನ ಸುಳ್ಳು ಅವರಿಗೆ ನ್ಯಾಯವಾಗಿ ಕೇಳಿತ್ತು.

ದೇಮು ಎರಡು ತಾರೀಖಿಗೆ ಸರಿಯಾಗಿ ಬಂದ. ಮೂರನೆಯದಕ್ಕೆ ಜೋರು ಮಳೆ, ಹಳ್ಳ ಏರಿತ್ತು, ಬಸ್ಸು ಬರಲಿಲ್ಲ. ವಕೀಲರಿಗೆ ಫೋನ್ ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ, ತಿಳಿದರೂ ಆ ಊರಿನಲ್ಲಿ ಫೋನ್ ಹತ್ತುವುದಿಲ್ಲ. ವಾರಂಟು ಹೊರಟಿತು. ಸುದ್ದಿ ಕೇಳಿದವನೇ ಅವನು ಊರು ಬಿಟ್ಟ. ಜಾಮೀನುದಾರನ ನೋಟಿಸು ಹಿಡಿದು ನಾನೇ ಹೋಗಿ ಸೋಮಾನ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದೆ.

ಮರುದಿನ ಬೆಳಿಗ್ಗೆ ಠಾಣೆಯ ಮೆಟ್ಟಿಲ ಮೇಲೆ ಸೋಮಾ ನಿಂತಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಒಂದು ಗಂಟು. ಗಂಟಿನಲ್ಲಿ ಗಂಗಾಳ, ಚರಿಗೆ, ಎರಡು ದಿನಕ್ಕಾಗುವಷ್ಟು ಅಕ್ಕಿ.

"ದೇಮು ಇಲ್ಲ. ಅವನ ಬದಲಿಗೆ ನನ್ನ ಒಳಗ ಹಾಕ್ರಿ," ಎಂದ.

ಠಾಣೆಗೆ ಠಾಣೆಯೇ ನಕ್ಕಿತು. ನಾನೂ ನಕ್ಕೆ. ಇನ್‌ಸ್ಪೆಕ್ಟರ್ ಸಾಹೇಬರು ಹೊರಗೆ ಬಂದು ನೋಡಿ, "ಏನಿದು ನಾಟಕ? ಕಳಸ್ರಿ ಅವನ್ನ," ಎಂದು ಒಳಗೆ ಹೋದರು. ಕಳಿಸಿದೆ. ಅವನು ಗೇಟಿನ ಹೊರಗೆ ಹೋಗಿ, ಕಲ್ಲಿನ ಮೇಲೆ ಕಂಬಳಿ ಹಾಸಿಕೊಂಡು ಕೂತ. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಮಲಗಿ, ಬೆಳಿಗ್ಗೆ ಮತ್ತೆ ಬಂದು ಕೂತ. ಬಂದು ಹೋಗುವವರೆಲ್ಲ ಕೇಳಲು ಶುರು ಮಾಡಿದರು. ಸಾಹೇಬರ ಸಿಟ್ಟು ನೆತ್ತಿಗೇರಿತು.

"ಯಾರ್ರೀ ಇವಂಗ ಒಳಗ ಹಾಕ್ತಾರ ಅಂತ ಹೇಳ್ದಾವ್ರು?"

ನಾನು ಸಮನ್ಸಿನ ಚೀಲದೊಳಗೆ ಕೈ ಹಾಕಿ ಏನೋ ಹುಡುಕಿದೆ. ನನ್ನ ಮುಖ ನೋಡಿದರೆ ಯಾರಿಗೂ ಗೊತ್ತಾಗುವಂತಿತ್ತು.

ಮೂರನೆಯ ದಿನ ಸೋಮಾನ ಹೆಂಡತಿ ಬಂದಳು. ಗಂಡನ ಹತ್ತಿರ ಹೋಗಲಿಲ್ಲ, ನೇರವಾಗಿ ನನ್ನ ಹತ್ತಿರ ಬಂದಳು. ಅವಳಿಗೆ ಕನ್ನಡ ಗಂಡನಿಗಿಂತ ಚೆನ್ನಾಗಿ ಬರುತ್ತಿತ್ತು.

"ಗದ್ದಿ ಹಣ್ಣಾಗೇತಿ ಸಾಯಬಾ. ಮೊದಲ ತೆನಿ ಇವರs ಕೊಯ್ಯಬೇಕು. ಇವರು ಕೊಯ್ಯೂತನಕ ಊರಾಗ ಯಾರೂ ಕುಡಗೋಲು ಹಚ್ಚಂಗಿಲ್ಲ. ಹಂದಿ ಬರಾಕತ್ಯಾವ. ನಿನ್ನಿ ಒಂದ ಮೂಲಿ ಹೋತು."

"ಬ್ಯಾರೆ ಯಾರರ ಕೊಯ್ಯಬಾರದೇನು?"

ನಾನು ಏನೋ ಹೊಲಸು ಮಾತಾಡಿದೆ ಎಂಬಂತೆ ನೋಡಿದಳು. ಹನ್ನೊಂದು ಮನೆಗಳ ವರ್ಷದ ಅನ್ನ ಕಾಡುಹಂದಿಯ ಬಾಯಿಗೆ ಹೋಗುತ್ತಿತ್ತು. ಕಾರಣ ನನ್ನ ನಾಲಿಗೆ. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಗೇಟಿಗೆ ಹೋದೆ, ಒಳಗೆ ಬಂದೆ, ಮತ್ತೆ ಗೇಟಿಗೆ ಹೋಗಿ ಅವನ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ.

"ಸೋಮಾ, ಕೇಳಿಲ್ಲೆ. ಜಾಮೀನು ನಿಂತಾವನ್ನ ಒಳಗ ಹಾಕೂದಿಲ್ಲ. ಹಂಗ ಕಾಯ್ದೇನs ಇಲ್ಲ. ಅವತ್ತ ನಾ ಸುಳ್ಳ ಹೇಳಿದ್ನಿ. ಮನಿಗೆ ಹೋಗು."

ಅವನು ಕಂಬಳಿ ಸರಿಸಿಕೊಂಡು ನನ್ನ ಕಡೆ ತಿರುಗಿದ. ಸಿಟ್ಟಿರಲಿಲ್ಲ.

"ಅವತ್ತ ಹೇಳಿದ್ದು ಸುಳ್ಳೋ, ಇವತ್ತ ಹೇಳೂದು ಸುಳ್ಳೋ? ನನಗ ಹೆಂಗ ಗೊತ್ತಾಗಬೇಕು?"

"ದೇವರಾಣಿ, ಅವತ್ತಿಂದs ಸುಳ್ಳು."

"ಅವತ್ತ ನನ್ನ ಅಂಗಳದಾಗ ನಿಂತು, ಊರ ಮುಂದ ಹೇಳೀರಿ. ಇವತ್ತ ಕಿವ್ಯಾಗ ಹೇಳಾಕತ್ತೀರಿ," ಎಂದು ಬೇರೆ ಕಡೆ ತಿರುಗಿದ. ವಕೀಲರನ್ನು ಕರೆತಂದು ಹೇಳಿಸಿದೆ. ವಕೀಲರೂ ಪೊಲೀಸರೂ ಒಂದೇ ಕಟ್ಟಡದಲ್ಲಿ ಚಹಾ ಕುಡಿಯುವವರು ಎಂದು ಅವನಿಗೆ ಗೊತ್ತಿತ್ತು.

ಉಳಿದದ್ದು ಒಂದೇ ದಾರಿ, ದೇಮುವನ್ನು ಹುಡುಕುವುದು. ವಾರಂಟು ಕಿಸೆಯಲ್ಲಿಟ್ಟುಕೊಂಡು ಹೊರಟೆ. ರಾಮನಗರದಲ್ಲಿ ಲಾರಿಯವರನ್ನು ಕೇಳಿದೆ, ಗೋವಾಕ್ಕೆ ಹೋದ ಎಂದರು. ಗಡಿಯ ಚಹಾದಂಗಡಿಯಲ್ಲಿ ಕೇಳಿದೆ, ಆ ಕಡೆ ಬಂದೇ ಇಲ್ಲ ಎಂದರು. ಇಡೀ ದಿನ ಹೋಯಿತು. ಬಸ್ಸಿನ ಕಿಟಕಿಯಲ್ಲಿ ಎಲ್ಲಿ ಗದ್ದೆ ಕಂಡರೂ ಕೊಯ್ದಾಗಿದೆಯೋ ಎಂದು ನೋಡಿದೆ. ಮರುದಿನ ಹಳಿಯಾಳದಲ್ಲಿ ಒಬ್ಬ ಟೆಂಪೊ ಡ್ರೈವರ್, ಜೊಯಿಡಾ ಕಡೆಯ ಕೂಲಿಯವರನ್ನು ಮುಂಡಗೋಡಕ್ಕೆ ಬಿಟ್ಟು ಬಂದೆ, ಗೋವಿನಜೋಳ ಮುರಿಯುವ ಕೆಲಸಕ್ಕೆ ಎಂದ. ಅಲ್ಲಿಂದಲೇ ಮುಂಡಗೋಡದ ಬಸ್ಸು ಹತ್ತಿದೆ.

ಟಿಬೆಟನ್ ಕಾಲೊನಿಯ ಆಚೆ ಹೊಲಗಳಲ್ಲಿ ಅರ್ಧ ಜೋಳ ಮುರಿದಾಗಿತ್ತು, ಅರ್ಧ ಇನ್ನೂ ಆಳೆತ್ತರ ನಿಂತಿತ್ತು. ತೆನೆ ರಾಶಿಯ ಹತ್ತಿರ ಆರೇಳು ಜನ. ದೇಮು ನನ್ನ ಖಾಕಿ ಕಂಡದ್ದೇ ತಡ, ನಿಂತ ಜೋಳದೊಳಗೆ ನುಗ್ಗಿದ. ನನ್ನ ಹೊಟ್ಟೆ ಹೊತ್ತುಕೊಂಡು ನಾನು ಎಷ್ಟು ಓಡಬೇಕು? ಹತ್ತು ಹೆಜ್ಜೆಗೆ ನಿಂತೆ. ಎಲೆ ಮುಖಕ್ಕೆ ಕೊಯ್ದಿತ್ತು. ಅವನ ಸದ್ದೂ ನಿಂತಿತು, ದೂರವೇನೂ ಹೋಗಿರಲಿಲ್ಲ. ನಾನು ಜೋಳಕ್ಕೇ ಮಾತಾಡಲು ಶುರು ಮಾಡಿದೆ.

"ಲೇ ದೇಮು, ಬುದ್ವಂತ ನಾಕ ದಿನದಿಂದ ಠಾಣೇ ಮುಂದ ಕಲ್ಲಿನ ಮ್ಯಾಲೆ ಕುಂತಾನ. ನಿನ್ನ ಬದಲಿಗೆ ಒಳಗ ಹಾಕ್ರಿ ಅಂತ. ಊರಾಗ ಕುಡಗೋಲು ಹಚ್ಚಿಲ್ಲ. ಹಂದಿ ಗದ್ದಿ ತಿನ್ನಾಕತ್ಯಾವ."

ಒಳಗಿನಿಂದ ಮೂಗು ಏರಿಸುವ ಸದ್ದು ಕೇಳಿತು.

"ನೀನs ವಕೀಲರ ಜೋಡಿ ಕೋರ್ಟಿಗೆ ಹೋಗಿ ನಿಂದ್ರು. ಮಳಿ ಬಂದಿತ್ತು, ಬರಾಕ ಆಗಲಿಲ್ಲ ಅಂತ ಹೇಳು. ವಾರಂಟ್ ರದ್ ಮಾಡ್ತಾರ. ಸಂಜೀಕ ಮನಿಗೆ ಬರ್ತಿ."

"ಹಿಡಕೊಂಡ ಒಳಗ ಹಾಕ್ತೀರಿ."

"ಇಲ್ಲಂತ ಹೇಳಾಕತ್ತೇನಲ್ಲಾ!"

"ನಿಮ್ಮ ಮಾತಿಗೆ ಜಾಮೀನು ಯಾರು?" ಎಂದು ಜೋಳ ಕೇಳಿತು.

ಸಿಟ್ಟು ಬಂತು. ಸಮವಸ್ತ್ರದವನನ್ನು ಕೂಲಿಯವನೊಬ್ಬ ಜಾಮೀನು ಕೇಳುತ್ತಾನೆ! ವರ್ಷಗಟ್ಟಲೆ ಊರವರನ್ನೆಲ್ಲ ಅದೇ ಪ್ರಶ್ನೆ ಕೇಳಿದವನಿಗೆ, ತನ್ನ ಸರದಿ ಬಂದಾಗ ಮೈ ಉರಿಯಿತು. ಹಿಡಿಯಬಹುದಿತ್ತು, ಮುಂಡಗೋಡದಿಂದ ಇನ್ನಿಬ್ಬರನ್ನು ಕರೆಸಿದ್ದರೆ ಸಂಜೆಯೊಳಗೆ ಸಿಗುತ್ತಿದ್ದ. ಆದರೆ ವಾರಂಟಿನ ಮೇಲೆ ಎಳೆದು ತಂದವನನ್ನು ನ್ಯಾಯಾಧೀಶರು ಜೈಲಿಗೇ ಕಳಿಸುತ್ತಿದ್ದರು. ಆ ವಾರವೇ ಇಬ್ಬರನ್ನು ಕಳಿಸಿದ್ದರು. ತನ್ನ ಮನುಷ್ಯ ಜೈಲಿನಲ್ಲಿದ್ದಾಗ ಸೋಮಾ ಹೊಸ ತೆನೆ ಕೊಯ್ಯುತ್ತಾನೆಯೇ? ನನಗೆ ನಂಬಿಕೆ ಇರಲಿಲ್ಲ.

"ನಾನs ಜಾಮೀನು," ಎಂದೆ.

"ಎಲ್ಲೆ ಕೂಡ್ತೀರಿ?"

ನನಗೆ ಅರ್ಥವಾಗಲಿಲ್ಲ. ಅವರ ಪದ್ಧತಿಯನ್ನು ಅವನು ಹೇಳಿದ್ದು ಆಗ, ಜೋಳದ ಒಳಗಿನಿಂದಲೇ. ಎಲ್ಲ ಕೇಳಿ ನಾನು ಎಂದೆ, "ನಿಮ್ಮೂರಾಗ. ಬುದ್ವಂತರ ಮನ್ಯಾಗ. ನೀ ತಿರುಗಿ ಬರೂತನಕ."

ಬುದ್ವಂತರ ಎಂದು ಬಹುವಚನ ಬಾಯಿಗೆ ಬಂದದ್ದು ನನಗೇ ಆಶ್ಚರ್ಯವಾಯಿತು. ದೇಮು ಹೊರಗೆ ಬಂದ.

ನಾನು ಮಾಡಿದ್ದು ತಪ್ಪು, ಅದನ್ನು ಮುಚ್ಚಿಡುವುದಿಲ್ಲ. ವಾರಂಟು ಕಿಸೆಯಲ್ಲಿಟ್ಟುಕೊಂಡು ಆರೋಪಿಯನ್ನು ಬಸ್ಸು ಹತ್ತಿಸಿ, ಠಾಣೆಯ ಗೇಟಿನ ಹೊರಗೆ ಸೋಮಾನ ಕೈಗೆ ಒಪ್ಪಿಸಿದೆ, ವಕೀಲರ ಮನೆ ತೋರಿಸಿದೆ. ಸಾಹೇಬರಿಗೆ "ಸುಳಿವು ಸಿಕ್ಕಿಲ್ಲ" ಎಂದೆ. ಹೆಂಡತಿಗೆ ಜ್ವರ ಎಂದು ಎರಡು ದಿನ ರಜೆ ಬರೆದೆ. ಅವನು ಮತ್ತೆ ಓಡಿಹೋದರೆ, ಇಲ್ಲವೆ ನ್ಯಾಯಾಧೀಶರು ಒಪ್ಪದಿದ್ದರೆ, ನನ್ನ ನೌಕರಿಯ ಕಥೆ ಮುಗಿದಂತೆಯೇ. ಅದಕ್ಕಿಂತ ಹೆಚ್ಚು ಹೆದರಿಕೆ ಇದ್ದದ್ದು ಸೋಮಾನ ಮುಖ ನೋಡುವುದಕ್ಕೆ.

ಬೆಳಿಗ್ಗೆ ಅವರಿಬ್ಬರು ಕೋರ್ಟಿಗೆ ಹೊರಟರು; ನಾನು ಲುಂಗಿ, ಅಂಗಿ ಹಾಕಿಕೊಂಡು ಮೊದಲ ಬಸ್ಸಿಗೆ ಅವರ ಊರಿಗೆ ಹೋಗಿ, ಹೊಣೆ ಕೂರಲು ಬಂದಿದ್ದೇನೆ ಎಂದೆ. ಸೋಮಾನ ಹೆಂಡತಿ ಜಗುಲಿಯ ಮೇಲೆ ಚಾಪೆ ಹಾಸಿದಳು, ಹಾಲಿಲ್ಲದ ಚಹಾ ಕೊಟ್ಟಳು.

"ಅಂಗಳ ದಾಟಬ್ಯಾಡ್ರಿ," ಎಂದಳು, ಅಷ್ಟೇ.

ಕೂತಲ್ಲಿ ಕೂರಲಾರದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಯಾವ ಕಾಯ್ದೆಯಲ್ಲಿದೆ? ಎದ್ದೆ, ಕೂತೆ, ಅಂಗಳದ ಅಂಚಿನವರೆಗೆ ಹೋಗಿ ತಿರುಗಿದೆ. ಎದುರಿಗೇ ಗದ್ದೆ. ಹಂದಿ ಉರುಳಾಡಿದ ಕಡೆ ಪೈರು ನೆಲಕ್ಕೆ ಮಲಗಿತ್ತು, ಉಳಿದದ್ದು ಗಾಳಿಗೆ ಸರಸರ ಎನ್ನುತ್ತಿತ್ತು. ಇನ್ನೆರಡು ದಿನ ಬಿಟ್ಟರೆ ಕಾಳು ತಾನೇ ಉದುರುವ ಹಾಗಿತ್ತು. ಊರಿನವರು ಒಬ್ಬೊಬ್ಬರಾಗಿ ಬಂದು ನನ್ನನ್ನು ನೋಡಿ ಹೋದರು. ಯಾರೂ ನಗಲಿಲ್ಲ. ಒಬ್ಬ ಮುದುಕಿ ಎಲೆಯಡಿಕೆ ಕೊಟ್ಟಳು. ಮಧ್ಯಾಹ್ನ ಗಂಜಿ ಬಂತು. ಈಗ ಕರೆದಿರಬಹುದು, ಈಗ ವಕೀಲರು ಎದ್ದು ನಿಂತಿರಬಹುದು, ಈಗ ಹಾಳೆ ತಿರುವುತ್ತಿರಬಹುದು ಎಂದು ಕೋರ್ಟಿನ ಗಡಿಯಾರವನ್ನು ಮನಸ್ಸಿನಲ್ಲೇ ತಿರುಗಿಸಿದೆ. ನಾಲ್ಕು ಗಂಟೆಯ ಬಸ್ಸಿನ ಹಾರ್ನ್ ಕಾಡಿನ ಆಚೆಯಿಂದ ಕೇಳಿಸಿತು. ಎಲ್ಲರೂ ದಾರಿ ನೋಡುತ್ತ ನಿಂತೆವು.

ಯಾರೂ ಬರಲಿಲ್ಲ.

ಸೋಮಾನ ಹೆಂಡತಿ ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ. ದೇಮುವನ್ನು ಜೈಲಿಗೆ ಕಳಿಸಿದರು, ಸೋಮಾ ಮತ್ತೆ ಆ ಕಲ್ಲಿನ ಮೇಲೆ ಹೋಗಿ ಕೂತ ಎಂದೇ ತಿಳಿದೆ. ಆಗ ಆ ಹೆಂಗಸು ಒಳಗಿನಿಂದ ಇನ್ನೊಂದು ಕಂಬಳಿ ತಂದು ಚಾಪೆಯ ಮೇಲಿಟ್ಟಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ರಾತ್ರಿಯ ಬಗ್ಗೆ ಬರೆಯುವುದಿಲ್ಲ. ಗದ್ದೆಯ ಕಡೆಯಿಂದ ಹಂದಿ ಓಡಿಸಲು ಡಬ್ಬಿ ಬಡಿಯುವ ಸದ್ದು ಬೆಳಗಿನವರೆಗೂ ಇತ್ತು.

ಮರುದಿನ ಮಧ್ಯಾಹ್ನ ದಾಟಿದ ಮೇಲೆ, ಬಸ್ಸಿನ ಸದ್ದೂ ಇಲ್ಲದೆ, ಕಾಡಿನ ದಾರಿಯಲ್ಲಿ ಇಬ್ಬರು ನಡೆದು ಬಂದರು. ಮುಂದೆ ಸೋಮಾ, ಹಿಂದೆ ದೇಮು. ನಾನು ಅಂಗಳದ ಅಂಚಿನವರೆಗೆ ಓಡಿ ನಿಂತೆ. ದೇಮುವೇ ಹೇಳಿದ: ನಿನ್ನೆ ನ್ಯಾಯಾಧೀಶರು ರಜೆಯಲ್ಲಿದ್ದರು. ವಕೀಲರ ಪಡಸಾಲೆಯಲ್ಲಿ ಮಲಗಿ, ಇವತ್ತು ಮೊದಲ ಕರೆಗೇ ನಿಂತರು. ನ್ಯಾಯಾಧೀಶರು ಚೆನ್ನಾಗಿ ಬೈದರು, ದಂಡ ಹಾಕಿದರು, ವಾರಂಟು ರದ್ದು ಮಾಡಿದರು. ಮಧ್ಯಾಹ್ನದ ಬಸ್ಸಿಗೆ ಕಾಯಲು ಬುದ್ವಂತ ಒಪ್ಪದೆ, ಸಿಕ್ಕ ಜೀಪು ಹತ್ತಿ, ಉಳಿದ ದಾರಿ ನಡೆದರು.

ಸೋಮಾ ಕೈಕಾಲು ತೊಳೆದ, ದೇವರ ಮುಂದೆ ನಿಂತ, ಕುಡಗೋಲು ತೆಗೆದುಕೊಂಡು ಗದ್ದೆಗಿಳಿದ. ಮೊದಲ ಹಿಡಿ ಕೊಯ್ದು ಹೆಂಡತಿಯ ಕೈಗೆ ಕೊಟ್ಟ. ಅವಳು ಅದನ್ನು ಬಾಗಿಲಿಗೆ ಕಟ್ಟುವುದರೊಳಗೆ ಹನ್ನೊಂದು ಮನೆಗಳ ಜನ ಗದ್ದೆಗಿಳಿದಾಗಿತ್ತು. ದೇಮು ತನ್ನ ಮನೆಗೂ ಹೋಗದೆ ಅವರ ಜೊತೆ ಬಗ್ಗಿದ. ಮೂರು ಮನೆಗಳ ಗದ್ದೆಯ ಮೂಲೆ ಹಂದಿಗೆ ಹೋಗಿತ್ತು, ಉಳಿದದ್ದು ಉಳಿದಿತ್ತು.

ನಾನು ಇನ್ನೂ ಅಂಗಳದ ಒಳಗೇ ಇದ್ದೆ. ಹೊರಡಬಹುದೋ ಇಲ್ಲವೋ ತಿಳಿಯಲಿಲ್ಲ, ಕೇಳಲು ಧೈರ್ಯವಿರಲಿಲ್ಲ. ಸೋಮಾ ಒಂದು ಸಾಲು ಮುಗಿಸಿ, ಬೆವರು ಒರೆಸಿಕೊಳ್ಳುತ್ತ ಬಂದು ಅಂಗಳದ ಅಂಚಿನಲ್ಲಿ ನಿಂತ. ಊರವರೆಲ್ಲ ಕೊಯ್ಯುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಎಲ್ಲರಿಗೂ ಕೇಳುವ ಹಾಗೆ ಅವನು ಗಟ್ಟಿಯಾಗಿ ಹೇಳಿದ.

"ಸಾಯಬಾ, ಅವತ್ತ ಈ ಅಂಗಳದಾಗ ನೀವು ಹೇಳಿದ್ದು ಸುಳ್ಳು, ಠಾಣೇ ಮುಂದ ಹೇಳಿದ್ದು ಖರೆ. ಈಗ ನಂಬತೇನಿ. ನೀವಿನ್ನ ಮನಿಗೆ ಹೋಗ್ರಿ."

ನನಗೆ ಅಳು ಬಂತು. ಲುಂಗಿಯ ತುದಿಯಿಂದ ಕಣ್ಣೊರೆಸಿಕೊಂಡು ಅಂಗಳ ದಾಟಿದೆ.